ಬಾಕಿ ಪೇಪರು, ಗುಡ್ಡೆಯ ಅಂಚು

ನನ್ನ ಬಿಎಸ್ಸಿ ಡಿಗ್ರಿಯಲ್ಲಿ ಕೆಮಿಸ್ಟ್ರಿ ಎಲ್ಲ ಪಾಸಾಗಿ ಒಂದೇ ಒಂದು ಪೇಪರ್ ಬಾಕಿ ಇತ್ತು: ಸಂಖ್ಯಾಶಾಸ್ತ್ರ. ಕೊನೆಯ ವರ್ಷದ ಆ ಪರೀಕ್ಷೆಯನ್ನು ನಾನು ಏಳು ತಿಂಗಳ ಬಸುರಿಯಾಗಿ ಬರೆದಿದ್ದೆ. ಮುಂದೆ ಬೆಂಚು, ಹಿಂದೆ ನಾನು, ನಡುವೆ ಹೊಟ್ಟೆ. ಉತ್ತರಪತ್ರಿಕೆ ಕೈಗೆ ಸರಿಯಾಗಿ ಎಟುಕುತ್ತಲೇ ಇರಲಿಲ್ಲ. ಇಪ್ಪತ್ತಮೂರು ಅಂಕ ಬಂತು. ತಪ್ಪನ್ನೆಲ್ಲ ಬೆಂಚಿನ ಮೇಲೆ ಹೊರಿಸಿ ಹದಿನೇಳು ವರ್ಷ ನೆಮ್ಮದಿಯಾಗಿದ್ದೆ. ಅವತ್ತು ಹೊಟ್ಟೆಯಲ್ಲಿದ್ದ ಮಗಳು ಈಗ ಹೊಸಪೇಟೆಯಲ್ಲಿ ಸೆಕೆಂಡ್ ಪಿಯುಸಿ ಓದುತ್ತಾಳೆ, ಅದೂ ಸಂಖ್ಯಾಶಾಸ್ತ್ರವನ್ನೇ ಆರಿಸಿಕೊಂಡು. “ನಾನೂ ಒಳಗ ಇದ್ದೆ ಅಲ್ಲಮ್ಮ, ಒಂದು ಮಾತು ಕೇಳಬೇಕಿತ್ತು” ಎಂದು ಆಗಾಗ ಕಿಚಾಯಿಸುತ್ತಾಳೆ.

ನಾನು ಕೆಲಸ ಮಾಡುವುದು ಸಂಡೂರಿನ ಒಂದು ಸಣ್ಣ ಖಾಸಗಿ ಲ್ಯಾಬಿನಲ್ಲಿ. ಗಣಿಯಿಂದ ಬಂದ ಅದಿರಿನಲ್ಲಿ ನೂರಕ್ಕೆ ಎಷ್ಟು ಕಬ್ಬಿಣವಿದೆ ಎಂದು ಪರೀಕ್ಷಿಸಿ ರಿಪೋರ್ಟ್ ಕೊಡುವುದು ನಮ್ಮ ಕಸುಬು. ಬೆಳಿಗ್ಗೆ ಹೊಸಪೇಟೆಯಲ್ಲಿ ಬಸ್ಸು ಹತ್ತಿ ಹೋಗುತ್ತೇನೆ, ಸಂಜೆ ಮೈಗೆಲ್ಲ ಕೆಂಪು ಧೂಳು ಮೆತ್ತಿಕೊಂಡು ವಾಪಸು ಬರುತ್ತೇನೆ. ಹನ್ನೊಂದು ವರ್ಷದಿಂದ ನಾನು ಅಲ್ಲಿ ಸ್ಯಾಂಪಲ್ ತೆಗೆಯುವವಳು. ಲಾರಿ ಸುರಿದ ರಾಶಿಯ ಹತ್ತಾರು ಕಡೆಯಿಂದ ಸಲಿಕೆಯಲ್ಲಿ ಅದಿರು ತುಂಬಿಸಿ ತಂದು, ತಗಡಿನ ಮೇಲೆ ಗುಡ್ಡೆ ಹಾಕಬೇಕು. ಗುಡ್ಡೆಯ ತಲೆ ತಟ್ಟಿ ಚಪ್ಪಟೆ ಮಾಡಿ ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು, ಉಳಿದೆರಡನ್ನು ಚೆಲ್ಲಿ, ಮತ್ತೆ ಗುಡ್ಡೆ, ಮತ್ತೆ ನಾಲ್ಕು ಪಾಲು. ಕೊನೆಗೆ ಒಂದು ಬೊಗಸೆಯಷ್ಟು ಉಳಿದಾಗ ಪುಡಿ ಮಾಡಿ ಒಳಗೆ ಕೊಟ್ಟರೆ, ಒಳಗಿನ ಕುರ್ಚಿಯಲ್ಲಿ ಕುಳಿತ ಕೆಮಿಸ್ಟ್ ಪರೀಕ್ಷೆ ಮಾಡಿ ಸಹಿ ಹಾಕುತ್ತಾರೆ.

ಆ ಕುರ್ಚಿಯ ಮೇಲೆ ನನಗೆ ಕಣ್ಣಿತ್ತು. ಸುಳ್ಳು ಯಾಕೆ ಹೇಳಲಿ, ಭಾಳ ದಿನದಿಂದ ಇತ್ತು. ಹನ್ನೊಂದು ವರ್ಷದಲ್ಲಿ ಆರು ಜನ ಕೆಮಿಸ್ಟರು ಅಲ್ಲಿ ಕುಳಿತು ಎದ್ದು ಹೋದರು. ಆರೂ ಜನಕ್ಕೆ ಕಬ್ಬಿಣ ಅಳೆಯುವ ಮಷೀನಿನ ಮೂಡು ಹೇಗಿರುತ್ತದೆ, ಯಾವ ಸ್ವಿಚ್ಚನ್ನು ಎರಡು ಸಲ ಒತ್ತಬೇಕು ಎಂದು ಹೇಳಿಕೊಟ್ಟವಳು ನಾನೇ. ಆರನೆಯವರು ಕಳೆದ ವರ್ಷ ಬಿಟ್ಟು ಹೋದ ಮೇಲೆ ವಾರಕ್ಕೆ ಎರಡು ಸಲ ಬಳ್ಳಾರಿಯಿಂದ ಒಬ್ಬರು ಬಂದು, ನಾನು ಮಾಡಿಟ್ಟ ಪರೀಕ್ಷೆಗಳನ್ನು ನೋಡಿ ಸಹಿ ಹಾಕಿ ಹೋಗುತ್ತಿದ್ದರು. ಒಂದು ದಿನ ಧೈರ್ಯ ಮಾಡಿ ಲ್ಯಾಬು ನಡೆಸುವ ಸಾಹೇಬರನ್ನು ಕೇಳಿಯೇಬಿಟ್ಟೆ.

“ಕೆಲಸ ನಿಮಗ ಬರ್ತೈತಿ, ನಾ ಇಲ್ಲ ಅನ್ನಂಗಿಲ್ಲ” ಎಂದರು ಸಾಹೇಬರು. “ಆದ್ರ ಡಿಗ್ರಿ ಸರ್ಟಿಫಿಕೇಟ್ ಇಲ್ದ ಸಹಿ ಮಾಡಾಕ ಬರಂಗಿಲ್ಲ. ಅದನ್ನ ತರ್ರಿ, ಇಂಟರ್‌ವ್ಯೂಗೆ ಕರೀತೀನಿ.”

ಅದೇ ತಿಂಗಳು ವಿಶ್ವವಿದ್ಯಾಲಯದ ಪ್ರಕಟಣೆ ಬಂತು: ಹಳೆಯ ಬಾಕಿ ಪೇಪರ್ ಇದ್ದವರಿಗೆ ಕೊನೆಯ ಅವಕಾಶ, ಇದನ್ನು ಬಿಟ್ಟರೆ ಇನ್ನಿಲ್ಲ. ಅಂದರೆ ಪಾಸಾದರೆ ಕುರ್ಚಿಯ ಆಸೆ ಉಂಟು, ಫೇಲಾದರೆ ರಿಟೈರ್ ಆಗುವ ತನಕ ತಗಡು ಮತ್ತು ಸಲಿಕೆ. ನಾನು ಫಾರ್ಮು ತುಂಬಿ ಮನೆಗೆ ಬಂದು ಮಗಳ ಮುಂದೆ ಇಟ್ಟೆ. ಅವಳು ಕನ್ನಡಕ ಸರಿ ಮಾಡಿಕೊಂಡು ಓದಿ, “ಫೀಸ್ ಏನು ಕೊಡ್ತಿ?” ಎಂದಳು. ದಿನಾ ಬೆಳಿಗ್ಗೆ ಅವಳ ಜಡೆ ನಾನು ಹಾಕಬೇಕು, ವಾರಕ್ಕೆ ಒಂದು ದಿನ ಮಂಡಕ್ಕಿ ಮಿರ್ಚಿ ತರಬೇಕು ಎಂದು ತೀರ್ಮಾನವಾಯಿತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನನ್ನ ಗಂಡ ನಮ್ಮಿಬ್ಬರ ನಡುವೆ ಬರುವುದಿಲ್ಲ ಎಂದು ಮೊದಲೇ ಕೈಮುಗಿದುಬಿಟ್ಟರು.

ಬೆಳಿಗ್ಗೆ ಆರಕ್ಕೆ ಕ್ಲಾಸು ಶುರು. ನಾನು ಹಿಂದೆ ಕುಳಿತು ಜಡೆ ಹಾಕುವುದು, ಅವಳು ಮುಂದೆ ಕುಳಿತು ಪಾಠ ಹೇಳುವುದು. ತಪ್ಪು ಉತ್ತರ ಹೇಳಿದರೆ ಅವಳು ಸರ್ರನೆ ತಿರುಗುತ್ತಿದ್ದಳು, ಜಡೆ ಬಿಚ್ಚಿಹೋಗುತ್ತಿತ್ತು. ಮೊದಲ ವಾರ ಅವಳು ಕಾಲೇಜಿಗೆ ಅರ್ಧ ಜಡೆಯಲ್ಲೇ ಹೋದಳು ಎಂದರೆ ನನ್ನ ಓದು ಹೇಗಿತ್ತೆಂದು ಊಹಿಸಬಹುದು.

ಬೈನಾಮಿಯಲ್ ಎಂಬ ಪಾಠ ಮಾತ್ರ ನನಗೆ ಬೇಗ ಬಂತು. ಅದಕ್ಕೆ ಕಾರಣ ಕಂಪ್ಲಿಯಲ್ಲಿರುವ ನನ್ನ ಅವ್ವ. ಅವಳು ಭತ್ತ ಬಿತ್ತುವ ಮುಂಚೆ ಬೀಜದ ಚೀಲದಿಂದ ಹತ್ತು ಕಾಳು ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುತ್ತಾಳೆ. ನಾಲ್ಕು ದಿನ ಬಿಟ್ಟು ಬಿಚ್ಚಿ, ಮೊಳಕೆ ಬಂದವನ್ನು ಎಣಿಸುತ್ತಾಳೆ. ಎಂಟು ಬಂದರೆ ಒಳ್ಳೆ ಬೀಜ. ಒಂದು ಭಾನುವಾರ ನಾವು ಹೋದಾಗ ಆ ಬಟ್ಟೆ ಬಿಚ್ಚುವ ಹೊತ್ತು. ಮಗಳು ಅಲ್ಲೇ ಪುಸ್ತಕ ತೆಗೆದಳು.

“ಒಂದು ಕಾಳು ಮೊಳಕೆ ಬರಬೇಕು, ಇಲ್ಲ ಬರಬಾರ್ದು. ನಡುವಿಂದು ಏನೂ ಇಲ್ಲ. ಒಂದು ಕಾಳಿಗೂ ಇನ್ನೊಂದು ಕಾಳಿಗೂ ಸಂಬಂಧ ಇಲ್ಲ. ಹತ್ತೂ ಕಾಳಿಗೆ ಒಂದಾ ಅವಕಾಶ. ಇಷ್ಟಾ ನೋಡಮ್ಮ ಬೈನಾಮಿಯಲ್ ಅಂದ್ರ.”

ನೂರಕ್ಕೆ ಎಂಬತ್ತು ಮೊಳೆಯುವ ಬೀಜ ಎಂದುಕೊಂಡರೆ, ಹತ್ತರಲ್ಲಿ ಸರಿಯಾಗಿ ಎಂಟು ಬರುವ ಸಂಭವ ಎಷ್ಟು ಎಂದು ನನಗೆ ಲೆಕ್ಕ ಕೊಟ್ಟಳು. ಹತ್ತರಲ್ಲಿ ಯಾವ ಎಂಟು ಎಂದು ಆರಿಸುವ ಬಗೆ ನಲವತ್ತೈದು. ಅದಕ್ಕೆ ಸೊನ್ನೆ ಪಾಯಿಂಟ್ ಎಂಟನ್ನು ಎಂಟು ಸಲ, ಸೊನ್ನೆ ಪಾಯಿಂಟ್ ಎರಡನ್ನು ಎರಡು ಸಲ ಗುಣಿಸಬೇಕು. ಅಂಗಳದಲ್ಲಿ ಕುಳಿತು ಕ್ಯಾಲ್ಕುಲೇಟರ್ ಒತ್ತಿದೆ. ಸೊನ್ನೆ ಪಾಯಿಂಟ್ ಮೂವತ್ತು ಬಂತು. ಅವ್ವ ನಮ್ಮ ಗದ್ದಲ ಕೇಳಿ ಏನದು ಎಂದಳು. ಹತ್ತು ಸಲ ಬಟ್ಟೆ ಕಟ್ಟಿದರೆ ಸರಿಯಾಗಿ ಎಂಟು ಬರುವುದು ಸುಮಾರು ಮೂರು ಸಲ ಮಾತ್ರ ಎಂದೆ.

ಅವ್ವನಿಗೆ ಸಿಟ್ಟು ಬಂತು. ನಲವತ್ತು ವರ್ಷದಲ್ಲಿ ಅವಳು, ಎಂಟು ಬರಲಿಲ್ಲ ಎಂದು ಎಷ್ಟೋ ಚೀಲ ವಾಪಸು ಮಾಡಿದ್ದಾಳೆ. “ಹಂಗಾದ್ರ ಒಳ್ಳೆ ಬೀಜದಾಗೂ ಒಮ್ಮೊಮ್ಮೆ ಏಳು ಬರ್ತಾವ ಅನ್ನು” ಎಂದಳು.

“ಹತ್ತಕ್ಕ ಎರಡು ಸಲ ಬರ್ತಾವ ಅಜ್ಜಿ” ಎಂದಳು ಮಗಳು, ಕ್ಯಾಲ್ಕುಲೇಟರ್ ನೋಡುತ್ತಾ.

“ಆ ಬೀಜದ ಅಂಗಡಿಯವನಿಗೆ ಇದನ್ನ ಹೇಳಬ್ಯಾಡ್ರಿ ಮತ್ತ” ಎಂದು ಅವ್ವ ಬಟ್ಟೆ ಝಾಡಿಸಿ ಒಳಗೆ ಹೋದಳು. ನನ್ನ ತಲೆಯೊಳಗೆ ಮಾತ್ರ ಬೈನಾಮಿಯಲ್ ಅವತ್ತೇ ಬೇರೂರಿತು.

ನಾರ್ಮಲ್ ಎಂಬ ಇನ್ನೊಂದು ಪಾಠದ ವಿಷಯ ಬೇರೆ. ಹೆಸರು ನಾರ್ಮಲ್, ನನ್ನನ್ನು ಮಾತ್ರ ಹುಚ್ಚಿ ಮಾಡಿತು. ಗಂಟೆಯ ಆಕಾರದ ಒಂದು ಗೆರೆ ಬರೆಯಬೇಕು, ನಡುವೆ ಸರಾಸರಿ ಇಡಬೇಕು. ಕೊಟ್ಟ ಸಂಖ್ಯೆ ಸರಾಸರಿಯಿಂದ ಎಷ್ಟು ದೂರ ಇದೆ ಎಂದು ಕಳೆದು, ವಿಚಲನೆಯಿಂದ ಭಾಗಿಸಿದರೆ ಜೆಡ್ ಸಿಗುತ್ತದೆ. ಆ ಜೆಡ್ಡನ್ನು ಹಿಡಿದು ಟೇಬಲ್ ನೋಡಬೇಕು. ಇಷ್ಟೂ ನಾನು ಕಣ್ಣುಮುಚ್ಚಿ ಮಾಡುತ್ತಿದ್ದೆ. ಕೊನೆಯ ಹೆಜ್ಜೆಯಲ್ಲಿ ಎಡವುತ್ತಿದ್ದೆ. ನಮ್ಮ ಟೇಬಲ್ ಕೊಡುವುದು ನಡುಗೆರೆಯಿಂದ ಜೆಡ್ ತನಕದ ಜಾಗವನ್ನು. ಪ್ರಶ್ನೆಯಲ್ಲಿ ಕೇಳುವುದು ಜೆಡ್ ದಾಟಿದ ಆಚೆಯ ಜಾಗವನ್ನು. ನಡುಗೆರೆಯ ಒಂದು ಬದಿಯ ಜಾಗ ಒಟ್ಟು ಅರ್ಧ, ಅದರಲ್ಲಿ ಇದನ್ನು ಕಳೆದರೆ ಮುಗಿಯಿತು. ನಾನು ಕಳೆಯುತ್ತಲೇ ಇರಲಿಲ್ಲ. ಟೇಬಲಿನಲ್ಲಿ ಸಿಕ್ಕಿದ್ದನ್ನೇ ಉತ್ತರ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಪೆನ್ನು ಮುಚ್ಚುತ್ತಿದ್ದೆ.

“ಅರವತ್ತನಾಲ್ಕಕ್ಕಿಂತ ಹೆಚ್ಚು ಅಂತ ಕೇಳ್ಯಾರ. ನೀ ನಡುವಿಂದು ಯಾಕ ಬರೀತಿ?” ಎಂದು ಮಗಳು ಕೇಳುವುದು.

“ಹೌದಲ್ಲ” ಎಂದು ನಾನು ತಿದ್ದುವುದು. ಮರುದಿನ ಮತ್ತೆ ಅದೇ. ಅವಳು ಜೆಡ್ಡಿನ ಆಚೆ ಉಳಿಯುವ ಗೆರೆಯ ಬಾಲಕ್ಕೆ ಕೆಂಪು ಪೆನ್ಸಿಲಿನಲ್ಲಿ ಬಣ್ಣ ಹಚ್ಚಿ ಕೊಟ್ಟಳು. ಬಣ್ಣ ಹಚ್ಚಿದ ಜಾಗ ಬಿಟ್ಟು ನಾನು ಹಚ್ಚದ ಜಾಗದ ಲೆಕ್ಕ ಬರೆದೆ. ಅವತ್ತು ಅವಳು ಜಡೆ ಬೇಡವೆಂದು ಎದ್ದು ಹೋದಳು.

ನಾನೂ ಬಿಡಲಿಲ್ಲ. ಜೆಡ್ ಟೇಬಲಿನ ಜೆರಾಕ್ಸ್ ಹಾಳೆಯನ್ನು ಎಲ್ಲೆಂದರಲ್ಲಿ ಹೊತ್ತು ತಿರುಗಿದೆ. ಕಂಪ್ಲಿಯ ಕಡೆಯ ನೆಂಟರು ಹಂಪಿ ನೋಡಬೇಕೆಂದು ಬಂದಾಗ, ಅವರನ್ನೆಲ್ಲ ಹೊಳೆಯ ಕಡೆ ಕಳಿಸಿ ನಾನು ಕಲ್ಲುಮಂಟಪದ ನೆರಳಲ್ಲಿ ಹಾಳೆ ಬಿಡಿಸಿ ಕುಳಿತೆ. ಸಾಲುಸಾಲು ಅಂಕಿ, ಎಡಕ್ಕೊಂದು ಕಂಬ, ಮೇಲೊಂದು ಸಾಲು. ಯಾರೋ ಒಬ್ಬ ಹಿರಿಯರು ಚೀಲ ಹೆಗಲಿಗೇರಿಸಿ ಹತ್ತಿರ ಬಂದು ಹಾಳೆಯೊಳಗೆ ಇಣುಕಿ, “ಕಮಲಾಪುರಕ್ಕ ಬಸ್ಸು ಎಷ್ಟಕ್ಕೈತ್ರಿ ಇದ್ರಾಗ?” ಎಂದು ಕೇಳಿದರು. ಇದರಲ್ಲಿ ಬಸ್ಸಿಲ್ಲ ರೀ ಎಂದೆ. ಬಸ್ಸೇ ಇಲ್ಲದ ಟೈಂಟೇಬಲನ್ನು ಯಾಕೆ ಓದುತ್ತಿದ್ದೇನೆಂದು ಅವರು ನನ್ನನ್ನು ಒಂಥರಾ ನೋಡಿ ಹೋದರು. ಆ ಹೊತ್ತಿಗೆ ನನಗೂ ಅದೇ ಸಂಶಯ ಬಂದಿತ್ತು.

ಪರೀಕ್ಷೆಗೆ ಮೂರು ವಾರ ಇರುವಾಗ ಮಗಳಿಗೆ ಕಾಲೇಜು ರಜೆ ಬಂತು. ಮನೆಯಲ್ಲಿ ಕುಳಿತು ಬೇಜಾರೆಂದು ನನ್ನ ಜೊತೆ ಬಸ್ಸು ಹತ್ತಿ ಸಂಡೂರಿಗೆ ಬಂದಳು. ನಾನು ಕೆಲಸ ಮಾಡುವುದನ್ನು ಅವಳು ಅಲ್ಲಿಯ ತನಕ ನೋಡಿರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಟ್ಟೆ, ಧೂಳಿಗೆ ಓಡಣಿಯಲ್ಲಿ ಮುಖ ಸುತ್ತಿಕೊಂಡು ಕುಳಿತಳು. ಮಗಳು ನೋಡುತ್ತಿದ್ದಾಳೆಂದು ನನಗೂ ಸ್ವಲ್ಪ ಜಂಬ. ಸೊಂಟಕ್ಕೆ ಸೆರಗು ಬಿಗಿದು, ಅದಿರನ್ನು ತಗಡಿನ ಮೇಲೆ ಸುರುವಿ ಚಂದದ ಗುಡ್ಡೆ ಹಾಕಿದೆ. ದಪ್ಪ ಗಟ್ಟಿಗಳು ಸುತ್ತಲೂ ಉರುಳಿ ಅಂಚಿಗೆ ನಿಂತವು. ನಾನು ಪೊರಕೆ ತೆಗೆದುಕೊಂಡು ಆ ಅಂಚನ್ನು ಸುತ್ತಲೂ ಗುಡಿಸಿ ಆಚೆ ತಳ್ಳಿದೆ. ಆಮೇಲೆ ತಲೆ ತಟ್ಟಿ, ನಾಲ್ಕು ಪಾಲು ಮಾಡಿದೆ.

“ಅಮ್ಮ, ಒಂದು ನಿಮಿಷ” ಎಂದಳು ಮಗಳು. “ಆ ಅಂಚಿಂದು ಯಾಕ ತಗದಿ?”

“ಅದು ಉರುಳಿ ಬಂದಿದ್ದು. ನಡುವಿಂದು ಖರೇ ಮಾಲು.”

“ಯಾರು ಹೇಳಿದ್ರು?”

ಹೇಳಿದ್ದು ನನಗಿಂತ ಮುಂಚೆ ಇಲ್ಲಿ ಸ್ಯಾಂಪಲ್ ತೆಗೆಯುತ್ತಿದ್ದ ಅಜ್ಜ. ನಾನು ಸೇರಿದ ಮೊದಲ ವಾರ ಅವರು ನನ್ನ ಕೈಗೆ ಪೊರಕೆ ಕೊಟ್ಟು, “ಅಂಚಿಂದು ಬಿಟ್ಟುಬಿಡವ್ವ, ನಡುವಿಂದು ಖರೇ ಮಾಲು” ಎಂದಿದ್ದರು. ಅವತ್ತಿನಿಂದ ದಿನಕ್ಕೆ ಹತ್ತು ಗುಡ್ಡೆಯ ಅಂಚು ಗುಡಿಸಿದ್ದೇನೆ. ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ಮನೆಯಲ್ಲಿ ಅಕ್ಕಿ ಸುರುವಿದರೂ ಅಂಚನ್ನು ಒಂದು ಸಲ ಸವರುತ್ತೇನೆ.

ಮಗಳು ಸ್ಟೂಲಿನಿಂದ ಎದ್ದು ಬಂದು ಗುಡ್ಡೆಯ ಪಕ್ಕ ಕುಂತಳು. ಪೊರಕೆಯ ಕಡ್ಡಿಯೊಂದನ್ನು ತೆಗೆದು ನೆಲದ ಧೂಳಿನಲ್ಲಿ ಗಂಟೆಯ ಗೆರೆ ಬರೆದಳು. ಬಾಲದ ಮೇಲೆ ಕಡ್ಡಿ ಇಟ್ಟಳು. “ನೀ ಇಲ್ಲೂ ಅದನ್ನಾ ಮಾಡ್ತಿ. ಬಾಲ ಅಂದ್ರ ಕಸ ಅಂತ ನಿನ್ನ ಕೈಗೆ ಗೊತ್ತಾಗಿಬಿಟ್ಟೈತಿ. ಅದಕ್ಕಾ ಲೆಕ್ಕದಾಗೂ ಅದನ್ನ ಮುಟ್ಟವಲ್ಲಿ.”

ನನಗೆ ಸಿಟ್ಟು ಬಂತು. ಹನ್ನೊಂದು ವರ್ಷದ ಕೆಲಸವನ್ನು ಹದಿನೇಳರ ಹುಡುಗಿ ಅರ್ಧ ಗಂಟೆಯಲ್ಲಿ ನೋಡಿ ತಪ್ಪೆಂದರೆ ಯಾರಿಗೆ ಬರುವುದಿಲ್ಲ? “ಕ್ಲಾಸು ಮನ್ಯಾಗ ತಗೋ, ಇಲ್ಲಿ ಬ್ಯಾಡ” ಎಂದು ಗದರಿದೆ. ವಾಪಸು ಬರುವ ಬಸ್ಸಿನಲ್ಲಿ ಇಬ್ಬರೂ ಕಿಟಕಿ ನೋಡುತ್ತಾ ಕುಳಿತೆವು. ಕಿಟಕಿ ಒಂದೇ ಇದ್ದದ್ದರಿಂದ ಸ್ವಲ್ಪ ಕಷ್ಟವಾಯಿತು.

ಸಿಟ್ಟು ಇಳಿದ ಮೇಲೆ ಅವಳು ಹೇಳಿದ್ದು ಕೆಲಸ ಮಾಡಿತು. ಲೆಕ್ಕ ಮಾಡುವಾಗ ಕೈಯಲ್ಲಿ ಪೊರಕೆ ಇದೆ ಎಂದು ನನಗೇ ನೆನಪಿಸಿಕೊಳ್ಳುತ್ತಿದ್ದೆ. ನೆನಪಿಸಿಕೊಂಡ ದಿನ ಉತ್ತರ ಸರಿ ಬರುತ್ತಿತ್ತು. ಪರೀಕ್ಷೆಯಲ್ಲಿ ಬಲ್ಬಿನ ಲೆಕ್ಕ ಬಂತು. ಐನೂರು ಬಲ್ಬು, ಸರಾಸರಿ ಆಯುಸ್ಸು ಸಾವಿರದ ಇನ್ನೂರು ಗಂಟೆ, ವಿಚಲನೆ ನೂರು, ಸಾವಿರದ ಮುನ್ನೂರೈವತ್ತು ಗಂಟೆ ದಾಟಿ ಉರಿಯುವ ಬಲ್ಬು ಎಷ್ಟು? ಜೆಡ್ ಒಂದೂವರೆ. ಟೇಬಲಿನಲ್ಲಿ ಸೊನ್ನೆ ಪಾಯಿಂಟ್ ನಾಲ್ಕು ಮೂರು ಮೂರು ಎರಡು. ಬರೆದು, ಎರಡು ಗೆರೆ ಎಳೆಯಲು ಸ್ಕೇಲು ಇಟ್ಟವಳು ಹಾಗೇ ನಿಂತೆ. ಐನೂರರಲ್ಲಿ ಇನ್ನೂರಕ್ಕೂ ಹೆಚ್ಚು ಬಲ್ಬು ಅಷ್ಟು ಹೊತ್ತು ಉರಿಯುತ್ತವೆಯೇ? ನಮ್ಮ ಮನೆಯಲ್ಲಂತೂ ಉರಿದಿಲ್ಲ. ಅರ್ಧದಲ್ಲಿ ಕಳೆದೆ, ಸೊನ್ನೆ ಪಾಯಿಂಟ್ ಸೊನ್ನೆ ಆರು ಆರು ಎಂಟು. ಐನೂರರಿಂದ ಗುಣಿಸಿ, ಮೂವತ್ತಮೂರು ಬಲ್ಬು ಎಂದು ಬರೆದು ಆಚೆ ಬಂದೆ. ಒಂದೂವರೆ ತಿಂಗಳಿಗೆ ಫಲಿತಾಂಶ ಬಂತು. ನಲವತ್ತೊಂದು. ಪಾಸಿಗೆ ಮೂವತ್ತೈದು ಸಾಕಿತ್ತು. ಮಗಳು, “ಆರು ಮಾರ್ಕ್ಸ್ ಜಾಸ್ತಿ ಬಂದಾವ, ವಾಪಸ್ ಕೊಟ್ಟು ಬಾ” ಎಂದಳು. ನನ್ನ ಗಂಡ ಮಂಡಕ್ಕಿ ಮಿರ್ಚಿಯನ್ನು ಇಡೀ ಓಣಿಗೆ ಹಂಚಿದರು.

ಸಾಹೇಬರು ಮಾತು ಉಳಿಸಿಕೊಂಡರು. ಸರ್ಟಿಫಿಕೇಟ್ ನೋಡಿ, ಮುಂದಿನ ಸೋಮವಾರ ಇಂಟರ್‌ವ್ಯೂ ಎಂದರು. ನನ್ನ ಜೊತೆ ಬಳ್ಳಾರಿಯ ಒಬ್ಬ ಎಂಎಸ್ಸಿ ಹುಡುಗ ಕೂಡ ಬರುತ್ತಾನೆ ಎಂದೂ ಹೇಳಿದರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಗಳು ಕೇಳಿದ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಲೆಕ್ಕದ ಬಾಲ ಕಸ ಅಲ್ಲ ಅಂದಮೇಲೆ, ಗುಡ್ಡೆಯ ಅಂಚು ಕಸ ಹೇಗಾಯಿತು? ಊಟದ ಹೊತ್ತಿನಲ್ಲಿ ರಿಜಿಸ್ಟರ್ ತೆಗೆದೆ. ನಾವು ಪರೀಕ್ಷಿಸಿದ ಅದಿರನ್ನು ಕೊಳ್ಳುವ ಕಾರ್ಖಾನೆಯವರು ತಮ್ಮ ಲ್ಯಾಬಿನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರೆ. ಅವರ ಅಂಕಿ ನಮಗೂ ಬರುತ್ತದೆ. ಅವರದ್ದಕ್ಕಿಂತ ನಮ್ಮದು ಸ್ವಲ್ಪ ಕಡಿಮೆ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅವರ ಮಷೀನ್ ಬೇರೆ ನಮ್ಮ ಮಷೀನ್ ಬೇರೆ ಎಂದು ಆರೂ ಕೆಮಿಸ್ಟರು ಹೇಳುತ್ತಾ ಬಂದಿದ್ದರು. ಕೊನೆಯ ಹತ್ತು ಲಾಟ್, ಅಂದರೆ ಹತ್ತು ಕಂತಿನ ಮಾಲಿನ ಅಂಕಿ ನೋಡಿದೆ. ಒಂಬತ್ತರಲ್ಲಿ ನಮ್ಮದು ಕಡಿಮೆ, ಒಂದರಲ್ಲಿ ಮಾತ್ರ ಹೆಚ್ಚು.

ಬುತ್ತಿ ಪಕ್ಕಕ್ಕೆ ಸರಿಸಿ ಪೆನ್ನು ತೆಗೆದೆ. ಎರಡು ಲ್ಯಾಬೂ ಸರಿ ಇದ್ದರೆ, ಹೆಚ್ಚುಕಡಿಮೆ ಬರುವುದು ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. ಹತ್ತು ಸಲ ಚಿಮ್ಮಿದರೆ ಸಾವಿರದ ಇಪ್ಪತ್ತನಾಲ್ಕು ಬಗೆ. ಒಂಬತ್ತು ಸಲ ಕಡಿಮೆ ಬರುವುದು ಅದರಲ್ಲಿ ಹತ್ತು ಬಗೆ. ಹತ್ತೂ ಸಲ ಕಡಿಮೆ ಬರುವ ಒಂದು ಬಗೆಯನ್ನೂ ಬಿಡದೆ ಸೇರಿಸಿದೆ: ಹನ್ನೊಂದು. ಸಾವಿರದ ಇಪ್ಪತ್ತನಾಲ್ಕಕ್ಕೆ ಹನ್ನೊಂದು. ನೂರಕ್ಕೆ ಒಂದು ಎಂದಿಟ್ಟುಕೊಳ್ಳಿ. ಸುಮ್ಮನೆ ಹಾಗಾಯಿತು ಎಂದು ಹೇಳಿಕೊಳ್ಳಲು ಅದು ಭಾಳ ಸಣ್ಣ ಸಂಖ್ಯೆ.

ಅಲ್ಲಿಂದ ನಾಲ್ಕು ದಿನ, ಗುಡಿಸಿದ ಅಂಚನ್ನು ಚೆಲ್ಲದೆ ಡಬ್ಬಿಯಲ್ಲಿ ತುಂಬಿಟ್ಟು ಬೇರೆಯಾಗಿ ಪರೀಕ್ಷೆ ಮಾಡಿದೆ. ನಾಲ್ಕೂ ಗುಡ್ಡೆಯಲ್ಲಿ ಅಂಚಿನ ಗಟ್ಟಿಗಳಲ್ಲೇ ಕಬ್ಬಿಣ ಹೆಚ್ಚು, ನಡುವಿನ ಪುಡಿಯಲ್ಲಿ ಮಣ್ಣು ಹೆಚ್ಚು. ಖರೇ ಮಾಲನ್ನು ನಾನು ಹನ್ನೊಂದು ವರ್ಷ ಪೊರಕೆಯಲ್ಲಿ ತಳ್ಳಿದ್ದೆ. ಅಜ್ಜನ ಕಾಲದಲ್ಲಿ ಪುಡಿ ಮಾಡುವ ಮಷೀನ್ ಇರಲಿಲ್ಲ, ಸುತ್ತಿಗೆಯಲ್ಲೇ ಕುಟ್ಟಬೇಕಿತ್ತು. ಗಟ್ಟಿ ಕುಟ್ಟಿ ಕುಟ್ಟಿ ಅವರ ರಟ್ಟೆ ಸೋತಿದ್ದಿರಬೇಕು. ಅವರ ಮೇಲೆ ಸಿಟ್ಟು ಬರಲಿಲ್ಲ. ಯಾಕೆಂದು ಒಂದು ದಿನವೂ ಕೇಳದ ನನ್ನ ಮೇಲೆ ಬಂತು.

ಭಾನುವಾರ ಮನೆಯಲ್ಲಿ ಹೇಳಿದೆ. ನನ್ನ ಗಂಡ ಕೈಯಲ್ಲಿದ್ದ ಚಹಾ ಕೆಳಗಿಟ್ಟು, “ನಾಳೆ ಒಂದು ದಿನ ಬಾಯಿ ಮುಚ್ಚಿಕೊಂಡಿರು ಮಾರಾಯ್ತಿ” ಎಂದರು. ಆಶ್ಚರ್ಯವಾದದ್ದು ಮಗಳ ಮಾತು. ಲೆಕ್ಕದಲ್ಲಿ ಅಷ್ಟು ಖಡಕ್ಕಾಗಿದ್ದವಳು ಮೆತ್ತಗೆ ಹೇಳಿದಳು: “ಮೊದ್ಲು ಕುರ್ಚಿ ಮ್ಯಾಲೆ ಕುಂದ್ರಮ್ಮ. ನಾಳೆಯಿಂದ ಪೂರಾ ಗುಡ್ಡೆ ತಗಿ. ಯಾರಿಗೂ ಗೊತ್ತಾಗಂಗಿಲ್ಲ. ಆಮ್ಯಾಲೆ ನಿಧಾನಕ ಹೇಳು.”

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವಳು ಹುಟ್ಟುವ ಮುಂಚಿನಿಂದ ಬಾಕಿ ಉಳಿದಿದ್ದ ನನ್ನ ಆಸೆ ಅದು, ಅದು ಕೈತಪ್ಪಬಾರದೆಂದು ಅವಳಿಗೂ ಇತ್ತು. ಹಾಗೇ ಮಾಡುತ್ತೇನೆ ಎಂದು ತಲೆಯಾಡಿಸಿದೆ. ಇಸ್ತ್ರಿ ಮಾಡಿದ ನೀಲಿ ಸೀರೆ ತೆಗೆದಿಟ್ಟು ಮಲಗಿದೆ. ಬೆಳಿಗ್ಗೆ ಬಸ್ಸಿನಲ್ಲಿ ಕೂಡ ಹಾಗೇ ಮಾಡುತ್ತೇನೆ ಎಂದುಕೊಂಡೇ ಹೋದೆ.

ಎಂಎಸ್ಸಿ ಹುಡುಗ ಮೊದಲು ಹೋಗಿ ಬಂದ. ಆಮೇಲೆ ನನ್ನನ್ನು ಕರೆದರು. “ಬರ್ರಿ, ಕುಂದ್ರಿ” ಎಂದರು ಸಾಹೇಬರು. ಆ ರೂಮಿನಲ್ಲಿ ನನಗೆ ಕೂಡಲು ಹೇಳಿದ್ದು ಅದೇ ಮೊದಲು. ಆಸಿಡ್ ಬಗ್ಗೆ, ಮಷೀನ್ ಬಗ್ಗೆ ನಾಲ್ಕಾರು ಪ್ರಶ್ನೆ ಕೇಳಿದರು, ಹೇಳಿದೆ. ಕೊನೆಗೆ ಅದೇ ರಿಜಿಸ್ಟರನ್ನು ಮುಂದಿಟ್ಟರು.

“ನಮ್ಮ ರಿಪೋರ್ಟು ಯಾವಾಗ್ಲೂ ಕಾರ್ಖಾನೆಯವ್ರಕಿಂತ ಕಮ್ಮಿ ಬರ್ತೈತಿ. ಗಣಿಯವ್ರು ದಿನಾ ಫೋನ್ ಮಾಡಿ ಜಗಳಾಡ್ತಾರ. ಮಷೀನ್ ಸೆಟ್ಟಿಂಗ್ ನೋಡಬೇಕು ಅಂದ ಈಗ ಬಂದಿದ್ದ ಹುಡುಗ. ನೀವೇನಂತೀರಿ?”

ಮಷೀನ್ ಸೆಟ್ಟಿಂಗ್ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿಯ ತನಕ ಬಂದಿತ್ತು ಕೂಡ. ಆದರೆ ಹನ್ನೊಂದು ವರ್ಷ ಅದರ ಸ್ವಿಚ್ಚು ಒತ್ತಿದವಳು ನಾನು, ಆ ಮಷೀನ್ ಮೇಲೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ಮಷೀನ್ ಸರಿ ಐತ್ರಿ” ಎಂದೆ. ಪೆನ್ನು ಕೇಳಿ ತೆಗೆದುಕೊಂಡು, ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಹತ್ತು ಲಾಟಿನ ಲೆಕ್ಕ ಬರೆದು ತೋರಿಸಿದೆ. ಸಾವಿರದ ಇಪ್ಪತ್ತನಾಲ್ಕಕ್ಕೆ ಹನ್ನೊಂದು. ನಾಲ್ಕು ಡಬ್ಬಿಯ ಅಂಕಿಯನ್ನೂ ಬರೆದೆ. ಅಂಚು, ಗಟ್ಟಿ, ಪೊರಕೆ ಎಲ್ಲ ಹೇಳಿದೆ.

ಸಾಹೇಬರು ಹಾಳೆಯನ್ನು ಭಾಳ ಹೊತ್ತು ನೋಡಿದರು. “ಈ ಹತ್ತು ಲಾಟಿನ ಸ್ಯಾಂಪಲ್ ತಗದಿದ್ದು ಯಾರು?”

“ನಾನಾ ರೀ.”

“ಅದರ ಹಿಂದಿಂದು?”

“ಹನ್ನೊಂದು ವರ್ಷದ್ದೂ ನಾನಾ ರೀ.”

ಅವರು ಎದ್ದರು. ತೋರಿಸಿ ಎಂದರು. ಇಬ್ಬರೂ ಶೆಡ್ಡಿಗೆ ಇಳಿದೆವು. ಇಸ್ತ್ರಿ ಸೀರೆಯನ್ನು ಸೊಂಟಕ್ಕೆ ಕಟ್ಟಿ ಅವರ ಮುಂದೆ ಗುಡ್ಡೆ ಹಾಕಿದೆ. ಗಟ್ಟಿಗಳು ಉರುಳಿ ಅಂಚಿಗೆ ನಿಂತವು. ಸಾಹೇಬರು ಮೊಣಕಾಲೂರಿ ಕುಳಿತು ಒಂದು ಗಟ್ಟಿಯನ್ನು ಎತ್ತಿ, ಕರವಸ್ತ್ರದಲ್ಲಿ ಒರೆಸಿ, ಅಂಗೈಯಲ್ಲಿ ತೂಗಿ ನೋಡಿದರು. “ಆರು ಮಂದಿ ಕೆಮಿಸ್ಟ್ ಬಂದು ಹೋದ್ರು. ಒಬ್ರೂ ಇಲ್ಲಿತನಕ ಇಳಿದು ನೋಡ್ಲಿಲ್ಲ. ನಾನೂ ನೋಡ್ಲಿಲ್ಲ” ಎಂದು ಮೆಲ್ಲಗೆ ಹೇಳಿದರು. ನನಗಲ್ಲ, ಆ ಗಟ್ಟಿಗೆ ಹೇಳಿದ ಹಾಗಿತ್ತು.

ಮೇಲೆ ಬಂದ ಮೇಲೆ ನನ್ನ ಮುಂದೆ ಒಂದು ಬಿಳಿ ಹಾಳೆ ಇಟ್ಟರು. “ಗಣಿಯವ್ರಿಗೆ ಪತ್ರ ಬರೀರಿ. ನಮ್ಮ ರಿಪೋರ್ಟ್ ಕಮ್ಮಿ ಬಂದಿದ್ದು ಯಾಕ, ತಪ್ಪು ಎಲ್ಲಿ ಆತು, ಹೆಂಗ ಆತು, ಮುಚ್ಚಿಡದ ಎಲ್ಲಾ ಬರೀರಿ. ಸಹಿ ನಿಮ್ದ ಇರಲಿ.”

ನನಗೆ ಅರ್ಥವಾಯಿತು ಎಂದುಕೊಂಡೆ. ತಪ್ಪೊಪ್ಪಿಕೊಂಡು, ಸಹಿ ಹಾಕಿ, ಮನೆಗೆ ಹೋಗು ಎಂದು. ಕುರ್ಚಿಯೂ ಇಲ್ಲ, ಬಹುಶಃ ಸಲಿಕೆಯೂ ಇಲ್ಲ. ಮಗಳ ಮುಖಕ್ಕೆ ಏನು ಹೇಳುವುದೆಂದು ಯೋಚಿಸುತ್ತಲೇ ಬರೆದೆ. ಮೂರು ಹಾಳೆ ಕೆಟ್ಟವು. ನಾಲ್ಕನೆಯದರಲ್ಲಿ ಎಲ್ಲ ಸರಿ ಬಂತು. ಕೆಳಗೆ ಸಹಿ ಹಾಕಿ ಕೊಟ್ಟೆ.

ಸಾಹೇಬರು ಓದಿ, ಹಾಳೆಯನ್ನು ತಿರುಗಿಸಿ ವಾಪಸು ತಳ್ಳಿದರು. “ಸಹಿ ಕೆಳಗ ಹುದ್ದೆ ಬರೀಲಿಲ್ಲ.”

“ಏನಂತ ಬರೀಲಿ ರೀ?”

“ಸ್ಯಾಂಪಲ್ ತಗಿಯೋರ ಸಹಿಗೆ ಈ ಪತ್ರ ನಡಿಯಂಗಿಲ್ಲ. ಕೆಮಿಸ್ಟ್ ಅಂತ ಬರೀರಿ.”

ಪೆನ್ನು ಹಿಡಿದೆ. ಮೂರೇ ಅಕ್ಷರ, ಬರೆಯಲಾಗಲಿಲ್ಲ. ಪತ್ರ ಒದ್ದೆಯಾಗಬಾರದೆಂದು ಅದನ್ನು ಮೇಜಿನ ಆ ತುದಿಗೆ ಸರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಸಾಹೇಬರು ಕಿಟಕಿಯ ಕಡೆ ತಿರುಗಿ ಕುಳಿತರು, ನಾನು ಬರೆದು ಮುಗಿಸುವ ತನಕ ಈ ಕಡೆ ನೋಡಲಿಲ್ಲ.